ಮೇಲ್ಮನವಿಯಲ್ಲಿ ಸತ್ತವರ ಪಾಲು

ದೆಹಲಿಯ ಲೋಧಿ ಕಾಲೊನಿಯಲ್ಲಿ 1999ರ ಜನವರಿ 10ರ ನಸುಕಿನಲ್ಲಿ ಬಿಎಂಡಬ್ಲ್ಯು ಕಾರು ಹರಿದು ಮೂವರು ಪೊಲೀಸರೂ ಸೇರಿ ಆರು ಮಂದಿ ಸತ್ತರು. ಚಾಲಕ ನೌಕಾಪಡೆಯ ಮಾಜಿ ಮುಖ್ಯಸ್ಥರ ಮೊಮ್ಮಗ. ವಿಚಾರಣಾ ನ್ಯಾಯಾಲಯ 5 ವರ್ಷ ಶಿಕ್ಷೆ ವಿಧಿಸಲು 2008ರವರೆಗೆ ಕಾಯಬೇಕಾಯಿತು. ಮರುವರ್ಷವೇ ಹೈಕೋರ್ಟ್ ಅದನ್ನು 2 ವರ್ಷಕ್ಕೆ ಇಳಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಗಂಭೀರ ಅಪರಾಧದ ಕಲಮನ್ನು ಮರಳಿ ಹಚ್ಚಿತು. ಆದರೆ ಜೈಲು ಶಿಕ್ಷೆ ಅನುಭವಿಸಿದಷ್ಟೇ ಸಾಕೆಂದು 50 ಲಕ್ಷ ರೂಪಾಯಿ ಹಾಗೂ 2 ವರ್ಷದ ಸಮುದಾಯ ಸೇವೆಯ ಷರತ್ತು ಹಾಕಿತು.

ಇಂಥ ಮೇಲ್ಮನವಿಗಳ ಜಗಳವೆಲ್ಲ ಎರಡು ಕಲಮುಗಳ ನಡುವಿನದಾಗಿತ್ತು. ಬರೀ ನಿರ್ಲಕ್ಷ್ಯವಾದರೆ ಆಗಿನ ದಂಡ ಸಂಹಿತೆಯ 304ಎ, ಹೆಚ್ಚೆಂದರೆ 2 ವರ್ಷ. ಜೀವ ಹೋಗಬಹುದೆಂದು ಗೊತ್ತಿದ್ದೂ ಓಡಿಸಿದರೆ 304ರ ಎರಡನೇ ಭಾಗ, 10 ವರ್ಷದವರೆಗೆ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರಿನಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಏಳು ಮಂದಿ ಕಾರಿಗೆ ಬಲಿಯಾದಾಗ ಕೆಳ ನ್ಯಾಯಾಲಯ ಕೊಟ್ಟದ್ದು 6 ತಿಂಗಳು. ಹೈಕೋರ್ಟ್ ಅದನ್ನು 3 ವರ್ಷಕ್ಕೆ ಏರಿಸಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೇಲ್ಮನವಿ ಎಂದರೆ ಉಳ್ಳವರು ಪಾರಾಗುವ ದಾರಿ ಎನ್ನುವವರು ಈ ತೀರ್ಪನ್ನೂ ನೆನೆಯಬೇಕು.

ನಟ ಸಲ್ಮಾನ್ ಖಾನ್ ಪ್ರಕರಣ ನಮ್ಮನ್ನು ಇನ್ನೊಂದು ಕಡೆಗೆ ನೋಡುವಂತೆ ಮಾಡುತ್ತದೆ. 2002ರ ಬಾಂದ್ರಾ ಅಪಘಾತಕ್ಕೆ 2015ರ ಮೇ ತಿಂಗಳಲ್ಲಿ 5 ವರ್ಷ ಶಿಕ್ಷೆಯಾಯಿತು. ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಖುಲಾಸೆ ಮಾಡಿತು. ಮುಖ್ಯ ಸಾಕ್ಷಿಯಾಗಿದ್ದ ಅಂಗರಕ್ಷಕ ಪೊಲೀಸ್ 2007ರಲ್ಲೇ ತೀರಿಕೊಂಡಿದ್ದ. ಅವನ ಹೇಳಿಕೆ ನಂಬಲರ್ಹವಲ್ಲ ಎಂದಿತು ಹೈಕೋರ್ಟ್. ಸಂಶಯದ ಲಾಭ ಆರೋಪಿಗೆ ಸಿಗಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಸಾಕ್ಷಿ ಬದುಕಿರುವಾಗಲೇ ಸರಿಯಾದ ಕಲಮಿನಡಿ ವಿಚಾರಣೆ ಮುಗಿದಿದ್ದರೆ? ಮೇಲ್ಮನವಿಯಲ್ಲಿ ಕುಸಿಯುವ ಪ್ರಕರಣ ಠಾಣೆಯಲ್ಲೇ ಬಿರುಕು ಬಿಟ್ಟಿರುತ್ತದೆ.

ಸತ್ತವರ ಕಡೆಯವರಿಗೆ ಸ್ವತಃ ಮೇಲ್ಮನವಿ ಹೋಗುವ ಹಕ್ಕು ಬಂದದ್ದು 2009ರ ಕೊನೆಯಲ್ಲಿ. ಆರೋಪಿ ಖುಲಾಸೆಯಾದರೆ, ಹಗುರ ಅಪರಾಧವೆಂದು ತೀರ್ಪಾದರೆ, ಪರಿಹಾರ ಸಾಲದಿದ್ದರೆ ಹೋಗಬಹುದು. ಶಿಕ್ಷೆ ಕಡಿಮೆಯಾಯಿತೆಂದು ಮಾತ್ರ ಹೋಗುವಂತಿಲ್ಲ. ಅದು ಸರ್ಕಾರದ ಇಚ್ಛೆಗೆ ಬಿಟ್ಟದ್ದು. ಮಗನನ್ನು ಕಳೆದುಕೊಂಡ ತಾಯಿ ಸರ್ಕಾರಿ ವಕೀಲರ ಬಾಗಿಲು ಕಾಯಬೇಕೆನ್ನುವ ಈ ಏರ್ಪಾಡು ಅನ್ಯಾಯ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಗುದ್ದಿ ಓಡಿಹೋದವರಿಗೆ 10 ವರ್ಷವೆಂಬ ಉಪಕಲಮನ್ನು, ಲಾರಿ ಚಾಲಕರ ಮುಷ್ಕರದ ಬಳಿಕ, ಆಗ ಜಾರಿಗೆ ತರಲಿಲ್ಲ. ನ್ಯಾಯ ಸಂಹಿತೆಯ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯಾದರೂ ಸಂತ್ರಸ್ತರ ಹಕ್ಕನ್ನು ಹಿಗ್ಗಿಸಬಹುದಿತ್ತು. ಆದರೆ ಅದರ 413ನೇ ಕಲಮು ಹಳೆಯ ಮಿತಿಯನ್ನೇ ಉಳಿಸಿಕೊಂಡಿದೆ. ಸಂಸತ್ತು ಮೊದಲು ತಿದ್ದಬೇಕಾದದ್ದು ಅದನ್ನು.