ಬಿಸಿಲೆ ಗುಡ್ಡದ ಅರ್ಜಿ ಊರಿನ ಕಣ್ಣಿಗೂ ಬೀಳಲಿ

ಸಕಲೇಶಪುರದಿಂದ ಹೆತ್ತೂರು, ವನಗೂರು ದಾಟಿ ಬಿಸಿಲೆ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಈಗ ಹೊಸ ಮಾತೊಂದು ಸಿಕ್ಕಿದೆ. ಗುಡ್ಡದ ಮೈಮೇಲೆ ಕೆಂಪು ಮಣ್ಣು ಗಾಯದ ಹಾಗೆ ಕಂಡರೆ ಸಾಕು, "ಇದು ಯಾರದ್ದು ಮಾರಾಯ?" ಎಂದು ಒಬ್ಬರು ಕೇಳುತ್ತಾರೆ. "ಯಾರೋ ಬೆಂಗಳೂರಿನೋರದ್ದಂತೆ" ಎಂದು ಇನ್ನೊಬ್ಬರು. "ಹೋಂಸ್ಟೇ ಅಂತೆ" ಎಂದು ಮೂರನೆಯವರು. "ಅಲ್ಲ ಕಣ್ರೀ, ರೆಸಾರ್ಟ್ ಅಂತೆ" ಎಂದು ಹಿಂದಿನ ಸೀಟಿನವರು. ಎಲ್ಲವೂ ಅಂತೆ ಕಂತೆ. ಸರಿಯಾಗಿ ಗೊತ್ತಿರುವವರು ಇಡೀ ಬಸ್ಸಿನಲ್ಲಿ ಒಬ್ಬರೂ ಇಲ್ಲ.

ಹಾಗಾದರೆ ಆ ಕಟ್ಟಡ ಆಕಾಶದಿಂದ ಉದುರಿತೇ? ಇಲ್ಲ. ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಕಟ್ಟಡ ಎಬ್ಬಿಸಲು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿಯ ಲೈಸೆನ್ಸ್ ಬೇಕು. ಅಂದರೆ ಕಟ್ಟಡ ಏಳುವ ಮುಂಚೆ ಕಾಗದ ಏಳಬೇಕು. ಆ ಕಾಗದ ಗ್ರಾಮ ಲೆಕ್ಕಿಗರಿಂದ ತಹಸೀಲ್ದಾರರವರೆಗೆ, ಪಿಡಿಒ ಮೇಜಿನಿಂದ ಅಧ್ಯಕ್ಷರ ಮೇಜಿನವರೆಗೆ ಓಡಾಡುತ್ತದೆ. ಗುಡ್ಡದ ಕೆಳಗೆ ಮನೆ ಮಾಡಿಕೊಂಡಿರುವವನ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಅವನಿಗೆ ವಿಷಯ ಗೊತ್ತಾಗುವುದು ಜೆಸಿಬಿ ಸದ್ದು ಕೇಳಿದ ಮೇಲೆ.

ಬಿಸಿಲೆ ಭಾಗದ ರೋಗ ಇದೇ. ಕಟ್ಟಡ ಬರುತ್ತಿರುವುದಕ್ಕಿಂತ, ಯಾರಿಗೂ ಹೇಳದೆ ಬರುತ್ತಿರುವುದು ದೊಡ್ಡ ರೋಗ.

ಹೋಂಸ್ಟೇ ಎಂದ ಕೂಡಲೇ ಬಯ್ಯುವುದು ನ್ಯಾಯವಲ್ಲ. ಕಾಫಿ, ಮೆಣಸಿನ ಬೆಲೆ ಕೈಕೊಟ್ಟ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಮನೆಯ ಒಲೆ ಉರಿಸಿದ್ದು ಅದೇ ಎರಡು ಕೋಣೆ. ಶನಿವಾರ, ಭಾನುವಾರ ಬಂದರೆ ಕೋಳಿ ಅಂಗಡಿ, ದಿನಸಿ ಅಂಗಡಿ, ಪೆಟ್ರೋಲ್ ಬಂಕು, ಜೀಪಿನವರು, ಎಲ್ಲರಿಗೂ ನಾಲ್ಕು ಕಾಸು. ಕುಮಾರ ಪರ್ವತ, ಪುಷ್ಪಗಿರಿ ಸಾಲು ನೋಡಲು ಬಿಸಿಲೆ ವ್ಯೂ ಪಾಯಿಂಟಿಗೆ ಜನ ಬರುವುದು ತಪ್ಪೇನಲ್ಲ. ಮನೆಯವರು ವಾಸವಿದ್ದುಕೊಂಡು ನಡೆಸುವ ಹೋಂಸ್ಟೇ ಒಂದು ಬಗೆ. ಧರೆ ಕಡಿದು, ಈಜುಕೊಳ ತೋಡಿ, ಗೇಟಿಗೆ ಬೀಗ ಹಾಕಿ, ಮ್ಯಾನೇಜರನ್ನು ಕೂರಿಸಿ ಹೋಗುವುದು ಇನ್ನೊಂದು ಬಗೆ. ಎರಡಕ್ಕೂ ಬೋರ್ಡು ಮಾತ್ರ ಒಂದೇ!

ಜಮೀನು ಕೈಬದಲಾಗುವ ಬಗೆಯನ್ನೂ ನೋಡಬೇಕು. ಕಾಫಿ ತೋಟವನ್ನು ಹೊರಗಿನವರು ಕೊಳ್ಳುವುದಕ್ಕೆ ಹಿಂದಿನಿಂದಲೂ ಅಡ್ಡಿ ಇರಲಿಲ್ಲ. 1961ರ ಭೂಸುಧಾರಣಾ ಕಾಯ್ದೆಯ 104ನೇ ಕಲಂ ಪ್ಲಾಂಟೇಷನ್ನುಗಳಿಗೆ ವಿನಾಯಿತಿ ಕೊಟ್ಟಿತ್ತು. ಗದ್ದೆಗೆ ಮಾತ್ರ 79ಎ, 79ಬಿ ಕಲಮುಗಳ ಬೇಲಿ ಇತ್ತು. 2020ರ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಆನೆ ಕಾಟಕ್ಕೆ, ಆಳಿನ ಕೊರತೆಗೆ ಬೇಸತ್ತು ಹಡ್ಲು ಬಿಟ್ಟ ಗದ್ದೆಗಳಿಗೆ ಈಗ ಕೇಳಿದ ಬೆಲೆ. ಸಾಲ ಇದ್ದವನು ಮಾರುತ್ತಾನೆ, ಅವನನ್ನು ದೂರಿ ಫಲವಿಲ್ಲ. ಆದರೆ ಗುಡ್ಡದ ಬುಡದ ಗದ್ದೆ ಮಳೆಗಾಲದ ನೀರನ್ನು ತಡೆದು ನಿಲ್ಲಿಸುವ ಜಾಗ. ಅಲ್ಲಿ ಮಣ್ಣು ತುಂಬಿ ಸೈಟು ಮಾಡಿದರೆ ಆ ನೀರು ಎಲ್ಲಿಗೆ ಹೋಗಬೇಕು? ಪಕ್ಕದವನ ಗದ್ದೆಗೆ. ರೆಸಾರ್ಟಿನವರು ಆನೆ ದಾರಿಗೆ ಅಡ್ಡ ತಂತಿ ಎಳೆದರೆ ಆನೆ ಎಲ್ಲಿಗೆ ಹೋಗಬೇಕು? ಅದೂ ಪಕ್ಕದವನ ಗದ್ದೆಗೇ.

ನೀರಿನ ಮಾತು ಬಂದಾಗ ಮಂಕನಹಳ್ಳಿ ಬಳಿಯ ಕಲ್ಲನ್ನು ನೆನೆಯಬೇಕು. ಅಲ್ಲಿ ಒಂದು ಕಡೆ ಬಿದ್ದ ಮಳೆ ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಕಡೆ ಬಿದ್ದದ್ದು ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಇಂಥ ನೆತ್ತಿಯಲ್ಲಿ ಯಾರೋ ಒಬ್ಬರು ಹಳ್ಳಕ್ಕೆ ಶೌಚದ ಪೈಪು ಬಿಟ್ಟರೆ, ಕೆಳಗೆ ಅದೇ ಹಳ್ಳದಿಂದ ಪೈಪಿನಲ್ಲಿ ಕುಡಿಯುವ ನೀರು ತರುವ ಮನೆಗಳ ಗತಿ ಏನು?

ಧರೆಯ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಪಕ್ಕದ ಕೊಡಗಿನಲ್ಲಿ ಗುಡ್ಡಗಳೇ ಜಾರಿದವು. ಮನೆಗೆ, ರಸ್ತೆಗೆಂದು ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಒಂದು ಕಾರಣ ಎಂದು ತಜ್ಞರು ಬೆರಳು ತೋರಿಸಿದರು. ಅದೇ ಮಳೆಗೆ ಶಿರಾಡಿ ಘಾಟಿ ಬಂದ್ ಆಯಿತು, ಸಕಲೇಶಪುರ–ಸುಬ್ರಹ್ಮಣ್ಯ ರೈಲು ನಿಂತಿತು. 2024ರ ಜುಲೈನಲ್ಲಿ ಕಡಗರವಳ್ಳಿ, ಎಡಕುಮೇರಿ ನಡುವೆ ಹಳಿಯ ಬುಡವೇ ಜರಿದು ಮತ್ತೆ ರೈಲು ನಿಂತಿತು. ಅದೇ ತಿಂಗಳು 30ರಂದು ವಯನಾಡಿನಲ್ಲಿ ಆದದ್ದನ್ನು ಯಾರೂ ಮರೆತಿಲ್ಲ.

"ಹಂಗಾದ್ರೆ ಕಸ್ತೂರಿರಂಗನ್ ವರದಿ ಬರ್ಲಿ ಬಿಡ್ರಿ, ಎಲ್ಲ ನಿಲ್ಲುತ್ತೆ" ಎನ್ನುವವರಿದ್ದಾರೆ. "ಅದು ಬಂದ್ರೆ ಕಕ್ಕಸು ಕಟ್ಟಕ್ಕೂ ಬಿಡಲ್ಲ" ಎಂದು ಹೆದರಿಸುವವರೂ ಇದ್ದಾರೆ. ಇಬ್ಬರೂ ಕರಡನ್ನು ಓದಿದಂತಿಲ್ಲ. 2014ರಿಂದ 2024ರ ಜುಲೈವರೆಗೆ ಕೇಂದ್ರ ಸರ್ಕಾರ ಆರು ಕರಡು ಹೊರಡಿಸಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಬೇಡವೆಂದಿತು. ಕರಡು ನಿಷೇಧಿಸುವುದು 20,000 ಚದರ ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡಗಳನ್ನು. ಅಂದರೆ ಎರಡು ಲಕ್ಷ ಚದರಡಿಗೂ ಹೆಚ್ಚು! ಹನ್ನೆರಡು ಕೋಣೆಯ ರೆಸಾರ್ಟು ಅದರ ಬಲೆಗೆ ಬೀಳುವುದೇ ಇಲ್ಲ. ಬಡವನ ಕಕ್ಕಸಂತೂ ಮೊದಲೇ ಇಲ್ಲ. ವರದಿ ಬಂದರೂ ಬಾರದಿದ್ದರೂ ಬಿಸಿಲೆ ಗುಡ್ಡದ ಸಣ್ಣ ಅರ್ಜಿಗಳ ಹಣೆಬರಹ ಪಂಚಾಯಿತಿ ಮೇಜಿನ ಮೇಲೇ ಬರೆಯಬೇಕು.

ಗುಂಡ್ಯ ಜಲವಿದ್ಯುತ್ ಯೋಜನೆ ಬಂದಾಗ ಈ ಸೀಮೆಯ ಜನ ದನಿ ಎತ್ತಿದರು. 2011ರಲ್ಲಿ ಗಾಡ್ಗೀಳ್ ಸಮಿತಿಯೂ ಅದು ಬೇಡವೆಂದಿತು. ಯೋಜನೆ ದೊಡ್ಡದು, ಎಲ್ಲರಿಗೂ ಕಂಡಿತು, ಎಲ್ಲರೂ ಮಾತಾಡಿದರು. ಆದರೆ ಹನಿ ಹನಿ ಗೂಡಿದರೆ ಹಳ್ಳ. ಅರ್ಧ ಎಕರೆ ಇಲ್ಲಿ, ಒಂದು ಎಕರೆ ಅಲ್ಲಿ ಎಂದು ಕಡಿದ ಗುಡ್ಡಗಳಿಗೆ ಅಹವಾಲು ಕೇಳುವ ಸಭೆ ಯಾರು ಮಾಡಿದರು?

ಇಂಗ್ಲೆಂಡಿನ ಹಳ್ಳಿಗಳಲ್ಲಿ 1947ರ ಕಾಯ್ದೆಯಿಂದ ಈಚೆಗೆ ಒಂದು ಕ್ರಮ ಬೆಳೆದು ಬಂದಿದೆ. ಒಬ್ಬನು ಹೊಲದಲ್ಲಿ ನಾಲ್ಕು ಮನೆ ಕಟ್ಟಲು ಅರ್ಜಿ ಹಾಕಿದರೆ ಆ ಜಾಗದ ಬೇಲಿಗೋ ದೀಪದ ಕಂಬಕ್ಕೋ ನೋಟಿಸು ಅಂಟಿಸುತ್ತಾರೆ, ಇಲ್ಲವೇ ನೆರೆಮನೆಯವರಿಗೆ ಕಾಗದ ಬರೆಯುತ್ತಾರೆ. ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು. 21 ದಿನದೊಳಗೆ ಯಾರು ಬೇಕಾದರೂ ಅಭಿಪ್ರಾಯ ಬರೆದು ಕೊಡಬಹುದು. ಅಲ್ಲಿಯೂ ದುಡ್ಡಿದ್ದವರು ಗೆಲ್ಲುತ್ತಾರೆ, ಅಲ್ಲಿಯೂ ಪೇಟೆಯವರು ಹಳ್ಳಿಮನೆ ಕೊಂಡು ಬೀಗ ಹಾಕುತ್ತಾರೆ. ಆದರೆ ಅರ್ಜಿ ಏನು, ಯಾರದ್ದು ಎಂದು ಊರಿಗೆ ಮೊದಲೇ ತಿಳಿದಿರುತ್ತದೆ.

ಇಲ್ಲಿ ಅದನ್ನು ಮಾಡಲು ಸಮುದ್ರ ದಾಟಬೇಕೇ? 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಪರವಾನಗಿ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಇದು ಕೊಟ್ಟ ಮೇಲಿನ ಮಾತಾಯಿತು. ಕೊಡುವ ಮುಂಚೆಯೂ ಹಾಗೇ ಮಾಡಲಿ. ಸರ್ವೆ ನಂಬರು, ವಿಸ್ತೀರ್ಣ, ಎಷ್ಟು ಧರೆ ಕಡಿಯುತ್ತಾರೆ, ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಇಷ್ಟನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಬೋರ್ಡಿಗೆ, ನ್ಯಾಯಬೆಲೆ ಅಂಗಡಿಗೆ, ಬಸ್ ಸ್ಟ್ಯಾಂಡಿಗೆ ಅಂಟಿಸಲಿ. ಒಂದು ತಿಂಗಳು ಬಿಡಲಿ. ಗ್ರಾಮಸಭೆಯಲ್ಲಿ ಓದಿ ಹೇಳಲಿ. ವಾಸದ ಮನೆಗೆ ಒಂದು ಕೋಣೆ ಸೇರಿಸುವವನನ್ನು ಇದಕ್ಕೆ ಎಳೆಯುವುದು ಬೇಡ. ಬಾಡಿಗೆಗೆ ಕಟ್ಟುವವರು, ಊರಿನವರಾಗಲಿ ಹೊರಗಿನವರಾಗಲಿ, ಎಲ್ಲರಿಗೂ ಒಂದೇ ಕಾನೂನಿರಲಿ.

"ಹಂಗೆ ಮಾಡಿದ್ರೆ ಹೊಟ್ಟೆಕಿಚ್ಚಿನೋರು ಸುಮ್‌ಸುಮ್ನೆ ತಕರಾರು ಹಾಕ್ತಾರೆ, ದುಡ್ಡು ಕೀಳ್ತಾರೆ" ಎಂಬ ಮಾತಿದೆ. ಸುಳ್ಳಲ್ಲ. ಅದಕ್ಕೆ ತಕರಾರು ಹಾಕುವವನು ಹೆಸರು ಹಾಕಿ, ಕಾರಣ ಬರೆದು, ಸಹಿ ಮಾಡಿ ಕೊಡಲಿ; ಪಂಚಾಯಿತಿಯೂ ಬರವಣಿಗೆಯಲ್ಲೇ ಉತ್ತರ ಕೊಡಲಿ. ಕತ್ತಲೆಯಲ್ಲಿ ಕೀಳುವ ದುಡ್ಡಿಗಿಂತ ಬೆಳಕಿನಲ್ಲಿ ಹಾಕುವ ತಕರಾರು ಮೇಲು. ಸರಿಯಾಗಿ ಕಟ್ಟುವವನಿಗೆ ಇದರಿಂದ ನಷ್ಟವೇನೂ ಇಲ್ಲ. ನಾಳೆ ಧರೆ ಜರಿದರೆ ಕೋಣೆ ಬುಕ್ ಮಾಡಿದವರು ಅವನ ಕಡೆಗೂ ಬರುವುದಿಲ್ಲ, ಪೇಟೆಯ ಅಂಗಡಿಗೂ ಬರುವುದಿಲ್ಲ.

ಇದಕ್ಕೆ ವಿಧಾನಸಭೆ ಕೂಡಬೇಕಾಗಿಲ್ಲ, ದೆಹಲಿಯ ಅಧಿಸೂಚನೆಗೂ ಕಾಯಬೇಕಾಗಿಲ್ಲ. ಒಂದು ಹಾಳೆ, ಒಂದಿಷ್ಟು ಗೋಂದು ಸಾಕು. ಮುಂಗಾರು ಹಿಡಿಯುವುದರೊಳಗೆ ಆ ಹಾಳೆ ಬೋರ್ಡಿನ ಮೇಲೆ ಕಾಣುವಂತೆ ಜಿಲ್ಲಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸುವರೇ?