ಒಂದು ಅಗುಳು ಸಾಲದು

ಹಬ್ಬದ ಆಫರಿನಲ್ಲಿ ಒಂದು ಬಿಪಿ ಮಷಿನ್ ಆರ್ಡರ್ ಮಾಡಿ, ಡೆಲಿವರಿಗೆ ಊರಿನ ಅಡ್ರೆಸ್ ಹಾಕಿ, ಅಲ್ಲಿಗೆ ಅಪ್ಪ-ಅಮ್ಮನ ಆರೋಗ್ಯದ ಜವಾಬ್ದಾರಿ ಮುಗೀತು ಅಂದುಕೊಳ್ಳುವ ಪೀಳಿಗೆ ನಮ್ಮದು. ಆಮೇಲೆ ದಿನಾ ರಾತ್ರಿ ಫೋನು. 'ಇವತ್ತೆಷ್ಟು ಬಂತಪ್ಪ?' '160 ಕಣೋ.' 'ಅಯ್ಯೋ, ಇನ್ನರ್ಧ ಮಾತ್ರೆ ತಗೊಂಬಿಡಪ್ಪ.' ಮಾರನೇ ದಿನ 110. 'ಹಂಗಾದ್ರೆ ಇವತ್ತು ಮಾತ್ರೆ ಬೇಡ.' ಇದಕ್ಕೆ ನಾವು ಕಾಳಜಿ ಅಂತ ಹೆಸರಿಟ್ಟಿದ್ದೇವೆ. ಇದು ಕಾಳಜಿಯಲ್ಲ, ದೂರದಲ್ಲಿ ರಿಮೋಟ್ ಹಿಡಿದು ಆಡುವ ಆಟ. ಏಟ್ರಿಯಲ್ ಫಿಬ್ರಿಲೇಷನ್ ಇರುವ ಹಿರಿಯರ ವಿಷಯದಲ್ಲಂತೂ ಅಪಾಯದ ಆಟ.

ಡಾಕ್ಟರುಗಳು ಚುಟುಕಾಗಿ 'ಎಎಫ್' ಅನ್ನುವ ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಸುಮ್ಮನೆ ಅದುರುತ್ತಿರುತ್ತವೆ. ನಾಡಿ ತಾಳ ತಪ್ಪುತ್ತದೆ. ಎರಡು ಬಡಿತಗಳ ನಡುವಿನ ಅಂತರ ಹೆಚ್ಚಾದಾಗ ಹೃದಯದಲ್ಲಿ ರಕ್ತ ಜಾಸ್ತಿ ತುಂಬಿ ಮುಂದಿನ ಬಡಿತ ಜೋರಾಗುತ್ತದೆ, ಕಮ್ಮಿಯಾದಾಗ ಸೊರಗುತ್ತದೆ. ಅಂದರೆ ಒತ್ತಡವೇ ಬಡಿತದಿಂದ ಬಡಿತಕ್ಕೆ ಬೇರೆ. ಮನೆಯ ಮಷಿನ್ ಆದರೋ, ತೋಳಿಗೆ ಸುತ್ತಿದ ಪಟ್ಟಿಯಲ್ಲಿ ಮಿಡಿತದಿಂದಾಗುವ ಸಣ್ಣ ಕಂಪನಗಳನ್ನು ಹಿಡಿದು, ಲೆಕ್ಕ ಹಾಕಿ, ಎರಡು ಅಂಕಿ ತೋರಿಸುತ್ತದೆ. ಬಡಿತ ಒಂದೇ ಸಮನಾಗಿದ್ದರೆ ಆ ಲೆಕ್ಕ ಚೆನ್ನಾಗಿ ಕೂರುತ್ತದೆ. ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು ಅನ್ನೋ ಮಾತು ಎಎಫ್ ಇರುವವರಲ್ಲಿ ನಡೆಯೋಲ್ಲ. ಈ ಪಾತ್ರೆಯಲ್ಲಿ ಒಂದೊಂದು ಅಗುಳೂ ಒಂದೊಂದು ಹದ.

ಇದು ಗುಟ್ಟೇನೂ ಅಲ್ಲ. ಬಡಿತದ ತಾಳ ತಪ್ಪಿರುವವರು ಡಾಕ್ಟರನ್ನು ಕೇಳಿ ಬಳಸಿ ಎಂಬ ಎಚ್ಚರಿಕೆ ಹಲವು ಮಷಿನ್‌ಗಳ ಕೈಪಿಡಿಯಲ್ಲೇ ಇರುತ್ತದೆ, ಸಣ್ಣಕ್ಷರದ ಇಂಗ್ಲಿಷಿನಲ್ಲಿ. ಅದನ್ನು ಓದಬೇಕಾದವರು ಊರಲ್ಲಿರುವ ಅಮ್ಮನಲ್ಲ, ಆರ್ಡರ್ ಮಾಡಿದ ನಾವು.

ವಿಚಿತ್ರ ನೋಡಿ. ಆಫೀಸಿನಲ್ಲಿ ಒಂದೇ ಒಂದು ರೀಡಿಂಗ್ ನೋಡಿ ಪ್ರೊಡಕ್ಷನ್ ಸರ್ವರ್ ಮುಟ್ಟಲು ಯಾರೂ ಬಿಡುವುದಿಲ್ಲ. ಸರಾಸರಿ ಎಷ್ಟು, ಟ್ರೆಂಡ್ ಏನು, ಅಪ್ರೂವ್ ಮಾಡಿದ್ಯಾರು ಅಂತ ಕೇಳ್ತಾರೆ. 75 ವರ್ಷದ ಹೃದಯಕ್ಕೆ ಮಾತ್ರ ಒಂದು ಅಂಕಿ, ಒಂದು ಫೋನು, ಡೋಸ್ ಬದಲು!

ಪಣಕ್ಕಿಟ್ಟಿರುವುದು ಸಣ್ಣದಲ್ಲ. ಎಎಫ್ ಇರುವವರಿಗೆ ಲಕ್ವ ಹೊಡೆಯುವ ಅಪಾಯ ಇಲ್ಲದವರಿಗಿಂತ ಸುಮಾರು 5 ಪಟ್ಟು. ಅದುರುವ ಕೋಣೆಯಲ್ಲಿ ರಕ್ತ ನಿಂತು, ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಅದಕ್ಕೇ ಅನೇಕರಿಗೆ ವಾರ್ಫರಿನ್, ಎಪಿಕ್ಸಬಾನ್ ಥರದ, ಜನ 'ರಕ್ತ ತೆಳು ಮಾಡೋದು' ಅನ್ನುವ ಮಾತ್ರೆ. ಬಿಪಿ ಏರಿಯೇ ಇದ್ದರೆ ಲಕ್ವದ ಭಯ ಹೆಚ್ಚು. ಈ ಮಾತ್ರೆ ನುಂಗುವವರಿಗೆ ಮಿದುಳಿನ ರಕ್ತಸ್ರಾವದ ಭಯವೂ ಹೆಚ್ಚು. ಒಂದು ಅಂಕಿಗೆ ಬೆದರಿ ಬಿಪಿ ಮಾತ್ರೆ ಜಾಸ್ತಿ ಮಾಡಿದಿರೋ, ರಾತ್ರಿ ಬಚ್ಚಲಿಗೆ ಎದ್ದವರು ತಲೆ ಸುತ್ತಿ ಬೀಳಬಹುದು. ರಕ್ತ ತೆಳುವಾಗಿರುವವರ ತಲೆಗೆ ಪೆಟ್ಟು ಬಿದ್ದರೆ ಹುಡುಗಾಟವಲ್ಲ. ಇನ್ನು 'ಬಿಪಿ ನಾರ್ಮಲ್ ಬಂತು, ಎಲ್ಲಾ ಮಾತ್ರೆ ಬಿಟ್ಟೆ' ಅನ್ನುವವರು ಬೇರೆ. ಬಿಪಿ 120 ಬಂದರೂ ಹೆಪ್ಪುಗಟ್ಟುವ ಅಪಾಯ ಎಲ್ಲೂ ಹೋಗಿರುವುದಿಲ್ಲ. ಎರಡೂ ಬೇರೆ ಬೇರೆ ಮಾತ್ರೆ, ಬೇರೆ ಬೇರೆ ಕೆಲಸ.

'ಹಾಗಾದ್ರೆ ಮಷಿನ್ ಅಟ್ಟಕ್ಕೆ ಹಾಕೋಣ' ಅನ್ನುವ ಬುದ್ಧಿವಂತರೂ ಇದ್ದಾರೆ. ಅದೂ ತಪ್ಪು. ಎಎಫ್ ಇದ್ದರೆ ಒಂದರ ಬದಲು ಕನಿಷ್ಠ 3 ಸಲ ಅಳೆದು ಸರಾಸರಿ ತೆಗೆಯಿರಿ ಎನ್ನುತ್ತಾರೆ ಯುರೋಪಿನ ತಜ್ಞರು. ಹಾಗೆ ಮಾಡಿದರೆ, ಮುಖ್ಯವಾಗಿ ಮೇಲಿನ ಅಂಕಿ, ತಕ್ಕಮಟ್ಟಿಗೆ ನಂಬುವಂತಿರುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಂತೂ ಮೊದಲು ನಾಡಿ ಹಿಡಿದು ನೋಡಿ, ತಾಳ ತಪ್ಪಿದ್ದರೆ ಕೈಯಿಂದ ಪಂಪ್ ಮಾಡಿ ಸ್ಟೆತಾಸ್ಕೋಪ್ ಇಟ್ಟು ಅಳೆಯಿರಿ ಎಂದು ವೈದ್ಯರಿಗೆ ಹೇಳುತ್ತದೆ. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಮಷಿನ್ ಜೊತೆಗೊಯ್ದು, ಎರಡನ್ನೂ ಹೋಲಿಸಿ ನೋಡಲು ಕೇಳಿ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಅಳೆಯುವ ಮುಂಚೆ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕೂರಬೇಕು. ತೋಳಿನ ದಪ್ಪಕ್ಕೆ ಸರಿಯಾದ ಪಟ್ಟಿ ಬರಿ ತೋಳಿಗೇ ಸುತ್ತಬೇಕು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದೊಂದು ನಿಮಿಷ ಬಿಟ್ಟು 3 ಸಲ, ಬೆಳಿಗ್ಗೆ ಮತ್ತು ಸಂಜೆ, ಡಾಕ್ಟರ ಹತ್ತಿರ ಹೋಗುವ ಮುಂಚಿನ 7 ದಿನ. ಬಂದದ್ದೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಚೆಂದ ಬಂದದ್ದನ್ನು ಮಾತ್ರ ಅಲ್ಲ. ಸಾಮಾನ್ಯವಾಗಿ ಮನೆಯ ಸರಾಸರಿ 135/85 ದಾಟಿದರೆ ಹೆಚ್ಚು ಅನ್ನುತ್ತಾರೆ. ನಿಮ್ಮ ಅಪ್ಪನಿಗೆ ಎಷ್ಟಿರಬೇಕು ಅನ್ನೋದನ್ನು ಅವರ ಡಾಕ್ಟರ್ ಹೇಳಲಿ, ಮಾತ್ರೆಯನ್ನೂ ಅವರೇ ಬದಲಿಸಲಿ. ಬಾಯಿ ಓರೆಯಾಗಿ, ಕೈ ಸೋತು, ಮಾತು ತೊದಲಿದರೆ ಮಾತ್ರ ಪಟ್ಟಿ ಸುತ್ತುತ್ತಾ ಕೂರಬಾರದು. ಆಗ 108, ಆಸ್ಪತ್ರೆ.

ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಡೋಕಾಗಲ್ಲ. ಪಕ್ಕದಲ್ಲಿ ಕೂತು ತೋರಿಸಬೇಕು. ವರ್ಕ್ ಫ್ರಮ್ ಹೋಮ್ ಕೊಡಿ ಅಂತ ಮ್ಯಾನೇಜರ್ ಹತ್ತಿರ ಜಗಳ ಆಡ್ತೀವಲ್ಲ, ವರ್ಷಕ್ಕೊಂದು ವಾರ ಆ ಕೆಲಸವನ್ನು ಊರಿನ ಮನೆಯಿಂದಲೇ ಮಾಡೋಣ. ಲೆಕ್ಕಕ್ಕೆ ಬೇಕಾದದ್ದೂ 7 ದಿನವೇ.