ಕೊನೆಗೌಡನ ಕಥೆಯನ್ನು ಯಾರು ಹೇಳಬೇಕು?

ಮಳೆಗಾಲ ಹಿಡಿಯುವ ಮುನ್ನ ಮಲೆನಾಡಿನ ಅಡಿಕೆ ತೋಟಗಳಿಗೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಆಗಲೇಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಈ ಲೆಕ್ಕ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಇದನ್ನು ಪ್ರಚುರಪಡಿಸಿ ಶತಮಾನವೇ ಕಳೆದಿದೆ. ಆದರೆ ದ್ರಾವಣ ತಾನಾಗಿ ಮರವೇರುವುದಿಲ್ಲ. ಕಾಲಿಗೆ ತಳೆ ಹಾಕಿ, ಹಾವಸೆಗಟ್ಟಿದ ಮರವನ್ನೇರಿ, ತುದಿಯಲ್ಲಿ ತೂಗಿ ಪಕ್ಕದ ಮರಕ್ಕೆ ದಾಟುವ ಕೊನೆಗೌಡನೇ ಅದನ್ನು ಕೊನೆಗೆ ಮುಟ್ಟಿಸಬೇಕು. ಆ ಕೊನೆಗೌಡನಿಗೆ ಈಗ ವಯಸ್ಸಾಗಿದೆ. ಅವನ ಮಗ ಪೇಟೆ ಸೇರಿದ್ದಾನೆ.

ಕೊರತೆಯನ್ನು ನೀಗಲು ತರಬೇತಿ ಶಿಬಿರಗಳೇನೋ ನಡೆಯುತ್ತಿವೆ. ಅವುಗಳ ವರದಿಗಳು ಮಾತ್ರ ಒಂದೇ ಅಚ್ಚಿನವು: ಉದ್ಘಾಟಿಸಿದವರ ಹೆಸರು, ಶಿಬಿರಾರ್ಥಿಗಳ ಸಂಖ್ಯೆ, ವಂದನಾರ್ಪಣೆ. ಮೊದಲ ದಿನ ನಡುಗಿದ ಕಾಲು ಎಷ್ಟನೆಯ ದಿನ ನೆಟ್ಟಗಾಯಿತು, ಕಲಿತವನಿಗೆ ಮರುವರ್ಷ ಎಷ್ಟು ತೋಟ ಸಿಕ್ಕಿತು, ಮನೆಯಲ್ಲಿ ತಾಯಿ ಏನೆಂದಳು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಊರಿನ ಹುಡುಗನೊಬ್ಬ ಮರವೇರಲು ಮನಸ್ಸು ಮಾಡುವುದು, ಬಿಡುವುದು ಇಂಥ ಸಂಗತಿಗಳಿಂದಲೇ ಹೊರತು ಶಿಬಿರಾರ್ಥಿಗಳ ಸಂಖ್ಯೆಯಿಂದಲ್ಲ.

ಹೆಸರೊಂದೇ ಅರ್ಧ ಕಥೆ ಹೇಳಬಲ್ಲದು. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ ಮರವೇರುವವರ ತರಬೇತಿಯನ್ನು ಆರಂಭಿಸಿದಾಗ ಕಲಿತವರನ್ನು ‘ತೆಂಗಿನ ಮರದ ಗೆಳೆಯರು’ ಎಂದು ಕರೆಯಿತು. ಆರು ದಿನಗಳ ಶಿಕ್ಷಣ, ಏರುವ ಯಂತ್ರ, ಅಪಘಾತ ವಿಮೆ ಜೊತೆಗಿದ್ದವು. ಮಹಿಳೆಯರೂ ಕಲಿತರು. ವಿಮೆ, ಯಂತ್ರಗಳಿಲ್ಲದೆ ಬರಿಯ ಹೆಸರು ಬದಲಾಗಿದ್ದರೆ ಅದು ಮುಖಸ್ತುತಿಯಷ್ಟೇ ಆಗುತ್ತಿತ್ತು.

ಕಥೆ ಹೇಳುವುದೆಂದರೆ ಬಣ್ಣ ಹಚ್ಚುವುದೆಂಬ ಭ್ರಮೆ ಸಂಸ್ಥೆಗಳಲ್ಲಿ ಬೆಳೆಯುತ್ತಿದೆ. ಯಶೋಗಾಥೆಯಲ್ಲಿ ಯಾರೂ ಮರದಿಂದ ಬೀಳುವುದಿಲ್ಲ. ಹಳ್ಳಿಯಲ್ಲಿಯಾದರೋ ಬಿದ್ದವನ ಮನೆ ಎಲ್ಲರಿಗೂ ಗೊತ್ತು. ಸೊಂಟ ಮುರಿದು ಮಲಗಿದವನನ್ನು ಕಂಡ ಹುಡುಗನಿಗೆ ದಿನಗೂಲಿಯ ಆಕರ್ಷಣೆಯನ್ನಷ್ಟೇ ಹೇಳಿದರೆ ಆತ ಉಳಿದ ಮಾತನ್ನೂ ನಂಬಲಾರ. ಈ ಕೆಲಸಕ್ಕೆ ಅಂಟಿಕೊಂಡಿರುವ ಜಾತಿಯ ಮೇಲುಕೀಳು, ಮರವೇರುವವನಿಗೆ ಹೆಣ್ಣು ಕೊಡಲು ಹಿಂಜರಿಯುವವರ ಮಾತು, ಜಗಲಿಯಲ್ಲಿ ಬೇರೆಯೇ ಇಡುವ ಚಹಾದ ಲೋಟ ಇವೂ ಕಥೆಯ ಭಾಗಗಳೇ. ತೋಟದ ಒಡೆಯರಿಗೆ ಇದು ಹಿತವಾಗದಿರಬಹುದು. ಕೊನೆಗೌಡ ಸಿಗುವುದಿಲ್ಲವೆಂಬ ದೂರು ಹೆಚ್ಚಾಗಿ ಬರುವುದೂ ಅದೇ ಜಗಲಿಯಿಂದ.

ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬೆಳೆದವನೇ ಬರೆದದ್ದರಿಂದ ಓದುಗನಿಗೆ ನಂಬಿಕೆ ಹುಟ್ಟಿತು. ಆ ಲೇಖನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದುಡಿಯುವವನ ಕೈಗೂ ತಲುಪಬೇಕಾಗಿದೆ. ಬರೆಯಲು ಬಾರದಿದ್ದರೆ ಆತ ಹೇಳಲಿ, ಕಾಲೇಜಿನ ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಅಚ್ಚಿಗೆ ಹೋಗುವ ಮುನ್ನ ಅವನಿಗೇ ಓದಿ ಹೇಳಿ ಒಪ್ಪಿಗೆ ಪಡೆಯಲಿ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಸಿಂಪಡಿಸುವ, ಕೊನೆ ಇಳಿಸುವ ಹೊಸ ಕುಶಲಕರ್ಮಿಗಳು ಹುಟ್ಟಿಕೊಂಡಿದ್ದಾರೆ. ಕುತ್ತಿಗೆ ನೋವಿನ ಸಂಗತಿಯೂ ಸೇರಿದಂತೆ ಅವರ ಅನುಭವ ಇನ್ನೂ ಹಸಿಯಾಗಿದೆ.

ಮೊದಲ ಸಿಂಪಡಣೆಯಾಗಿ 40–45 ದಿನಗಳಿಗೆ ಎರಡನೆಯದು ಬರುತ್ತದೆ. ಶಿಬಿರದಲ್ಲಿ ಕಲಿತವರ ಪೈಕಿ ಯಾರು ಅಂದು ಮರದ ಮೇಲಿದ್ದಾರೆ, ಯಾರು ಬಿಟ್ಟರು, ಏಕೆ ಬಿಟ್ಟರು ಎಂದು ಕೇಳಿ ಬರೆಯಲು ಅದೇ ಸರಿಯಾದ ಸಮಯ.